ಮಾರ್ದನಿಯಿಲ್ಲದ ಕೋಣೆಯಲ್ಲಿ ಒಂದು ಹಡಗು

ದಿವಾನದ ಸ್ಪಂಜು ಹಪ್ಪಳದಂತೆ ತೆಳುವಾಗಿತ್ತು. ಹೊಸದನ್ನು ಕತ್ತರಿಸಿ ತರೋಣವೆಂದು ಹೋದ ತಿಂಗಳು ಶಿವಾಜಿನಗರಕ್ಕೆ ಹೋಗಿದ್ದೆ. ನನ್ನದು ಶನಿವಾರದ ಕ್ರಮ: ಜನ ಸೇರುವ ಮೊದಲೇ ರಸೆಲ್ ಮಾರುಕಟ್ಟೆ, ತರಕಾರಿಗೆ ಒಂದು ಚೀಲ, ಹಣ್ಣಿಗೆ ಬೇರೆ ಚೀಲ, ಆಮೇಲೆ ಬಾಕಿ ಕೆಲಸ. ಟೊಮೆಟೊ ಮೇಲೆ ಬಾಳೆಹಣ್ಣು ಹಾಕಿಕೊಂಡು ಹೋಗುವವರನ್ನು ಕಂಡರೆ ನನಗೆ ಈಗಲೂ ಕೈ ತುರಿಸುತ್ತದೆ. ನೀವು ಅಂಥವರಾಗಿದ್ದರೆ ಕ್ಷಮಿಸಿ.

ಸ್ಪಂಜಿನ ಅಂಗಡಿಯ ಒಂದು ಮೂಲೆಯಲ್ಲಿ ಕಪ್ಪು ಹಾಳೆಗಳನ್ನು ಒರಗಿಸಿ ಇಟ್ಟಿದ್ದರು. ಮೈತುಂಬ ಗೋಪುರದಂಥ ಮೊನೆಗಳು. ಹತ್ತಿರ ಹೋದೆ. ಸುಟ್ಟ ತೆಂಗಿನ ಚಿಪ್ಪಿನ ಪುಡಿಗೆ ಹೊಸ ರಬ್ಬರು ಬೆರೆಸಿದಂಥ ವಾಸನೆ ಬಂತು. ಎಷ್ಟೋ ವರ್ಷ ಸೀರೆಯಲ್ಲಿ ಹೊತ್ತು ಮನೆಗೆ ತಂದ ವಾಸನೆ ಅದು.

"ಅದು ಕೂರೋದಕ್ಕಲ್ಲ ಅಮ್ಮಾ," ಎಂದರು ಅಂಗಡಿಯ ಸಾಹೇಬರು. "ಸ್ಟುಡಿಯೋದ್ದು. ಗೋಡೆಗೆ ಅಂಟಿಸಿದ್ರೆ ಆವಾಜ್ ತಿಂತದೆ."

"ತಿಂದು ಏನ್ಮಾಡುತ್ತೆ?"

"ಏನ್ಮಾಡ್ತದೆ? ನನ್ ಅಳಿಯನ ತರ. ತಿಂದು ಸುಮ್ನೆ ಕೂತ್ಕೊಳ್ತದೆ."

ನಕ್ಕೆ. ಅವರು ಅಳತೆಪಟ್ಟಿ ಹುಡುಕುವಾಗ, ಯಾರೂ ನೋಡುತ್ತಿಲ್ಲವೆಂದು ಖಾತರಿ ಮಾಡಿಕೊಂಡು, ಎರಡು ಹಾಳೆಗಳ ನಡುವೆ ತಲೆ ತೂರಿಸಿದೆ. ಹೊರಗೆ ಆಟೋ ಹಾರ್ನು, ಮೀನಿನವರ ಕೂಗು, ಮಸೀದಿಯ ಮೈಕು ಎಲ್ಲ ಒಮ್ಮೆಲೇ ದೂರ ಹೋದವು. ನನ್ನ ಉಸಿರು ಮಾತ್ರ ಉಳಿಯಿತು. ಬೇಗನೆ ತಲೆ ಹೊರಗೆಳೆದುಕೊಂಡೆ.

ನಾನು ಕೆಲಸ ಮಾಡಿದ ಸಂಸ್ಥೆಯ ಹೆಸರು ಬೇಡ. ಊರಿನ ಪೂರ್ವಕ್ಕಿತ್ತು ಎಂದರೆ ಸಾಕು. ವಿಮಾನಪುರದಿಂದ ಕಗ್ಗದಾಸಪುರದವರೆಗೆ ಯಾವ ಮನೆಯ ಬಾಗಿಲು ತಟ್ಟಿದರೂ ಅಂಥದೊಂದು ಸಂಸ್ಥೆಯಿಂದ ನಿವೃತ್ತರಾದವರು ಪೇಪರು ಓದುತ್ತ ಕೂತಿರುತ್ತಾರೆ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರೆ "ಎಲೆಕ್ಟ್ರಾನಿಕ್ಸ್" ಎಂದು ಮಾತು ತಿರುಗಿಸುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಸಮುದ್ರದ ಮೇಲೆ ಹಡಗನ್ನು ಹುಡುಕಿಕೊಂಡು ಹೋಗಿ ಹೊಡೆಯುವ ಕ್ಷಿಪಣಿ ಇದೆಯಲ್ಲ, ಅದರ ಕಣ್ಣನ್ನು ಪರೀಕ್ಷಿಸುವುದು ನಮ್ಮ ವಿಭಾಗದ ಕೆಲಸ. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ, ಹೊರಗೆ ಎಮ್ಮೆಗಳು ಕೆರೆಗೆ ಇಳಿಯುತ್ತಿದ್ದ ಕಾಲದಲ್ಲಿ, ನಾವು ಒಳಗೆ ಕೂತು ಹಡಗು ಹುಡುಕುತ್ತಿದ್ದೆವು.

ಕಣ್ಣು ಎನ್ನುವುದು ನಾವಿಟ್ಟ ಹೆಸರು. ನಿಜಕ್ಕೂ ಅದು ನೋಡುವುದಿಲ್ಲ, ಕೂಗುತ್ತದೆ. ಕ್ಷಿಪಣಿ ದಾರಿಯ ಬಹುಪಾಲನ್ನು ಕಣ್ಣು ಮುಚ್ಚಿಕೊಂಡೇ, ಅಲೆಗಳಿಗೆ ತಾಗುವಷ್ಟು ಕೆಳಗೆ ಹಾರುತ್ತದೆ. ಕೊನೆಗೆ ಕಣ್ಣು ತೆರೆದು ರೇಡಿಯೋ ಅಲೆಗಳಲ್ಲಿ ಒಂದು ಕೂಗು ಹಾಕುತ್ತದೆ. ಯಾವ ದಿಕ್ಕಿನಿಂದ ದೊಡ್ಡ ಮಾರ್ದನಿ ಬಂತೋ ಆ ಕಡೆ ಮುಖ ತಿರುಗಿಸುತ್ತದೆ. ಇದನ್ನು ಪರೀಕ್ಷಿಸಲು ಬೇರೆ ಯಾವ ಮಾರ್ದನಿಯೂ ಇಲ್ಲದ ಕೋಣೆ ಬೇಕು. ಆದ್ದರಿಂದ ಗೋಡೆ, ಚಾವಣಿ, ನೆಲ ಎಲ್ಲಕ್ಕೂ ಆ ಕಪ್ಪು ಮೊನೆಗಳು, ಸದ್ದಿನ ಜೊತೆ ರೇಡಿಯೋ ಅಲೆಗಳನ್ನೂ ತಿನ್ನುವಂಥವು. ಒಂದು ತುದಿಯ ಪೀಠದ ಮೇಲೆ ಕಣ್ಣು. ಎದುರು ಗೋಡೆಯಲ್ಲಿ ರೇಡಿಯೋ ಅಲೆ ಹೊರಡಿಸುವ ಪುಟ್ಟ ಪುಟ್ಟ ಕೊಂಬುಗಳ ಸಾಲು. ಪಕ್ಕದ ಕೋಣೆಯಲ್ಲಿ ಕೂತು ಆ ಕೊಂಬುಗಳಿಂದ ಹಡಗಿನ ಮಾರ್ದನಿಯನ್ನು ಕಳಿಸುವವಳು ನಾನು. ಎಡಕ್ಕೆ ಸರಿಸಿದರೆ ಹಡಗು ಎಡಕ್ಕೆ ಹೋಯಿತು. ಕಣ್ಣೂ ಎಡಕ್ಕೆ ತಿರುಗಬೇಕು. ನಿವೃತ್ತಿಯಾಗುವವರೆಗೂ ನಾನು ಹಡಗೇ. "ಹಡಗಮ್ಮ ಕಾಫಿಗೆ ಹೋಗಿದ್ದಾರೆ, ಕಾಯಿರಿ" ಎಂದು ನನ್ನ ಬೆನ್ನ ಹಿಂದೆ ಹೇಳುತ್ತಿದ್ದರು. ನನ್ನ ಕಾಫಿಯ ವೇಳೆ ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಹೆಚ್ಚು ಕಾಯಬೇಕಾಗಿರಲಿಲ್ಲ.

ಆ ಕೋಣೆಯ ಒಳಗೆ ಹೋಗುವುದು ಯಾರಿಗೂ ಇಷ್ಟವಿರಲಿಲ್ಲ. ಮಾತಾಡಿದರೆ ಮಾತು ತುಟಿಯಿಂದಾಚೆ ಹೋಗುತ್ತಿರಲಿಲ್ಲ. ಚಪ್ಪಾಳೆ ತಟ್ಟಿದರೆ ಹತ್ತಿಯ ಮೇಲೆ ಹತ್ತಿ ಬಿದ್ದಂತೆ. ಸ್ವಲ್ಪ ಹೊತ್ತು ನಿಂತರೆ ಕಿವಿಯೊಳಗೆ ರಕ್ತ ಹರಿಯುವುದು ಕೇಳಿಸಲು ಶುರುವಾಗುತ್ತಿತ್ತು. ಹಲಸೂರಿನ ತಂಗರಾಜ್ ಎಂಬ ತಂತ್ರಜ್ಞರು ನಮ್ಮಲ್ಲಿದ್ದರು. ಅವರು ಕಣ್ಣಿಗೆ ಕೆಂಪು ಮಖಮಲ್ಲಿನ ಒಂದು ಗವಸು ಹೊಲಿಸಿದ್ದರು. ಯಾರೇ ಒಳಗೆ ಹೋಗುವ ಮೊದಲು ವಿದ್ಯುತ್ತು ತೆಗೆದು, ಗವಸು ತೊಡಿಸಿ, ದಾರ ಕಟ್ಟಬೇಕು. ನಿಯಮದ ಪ್ರಕಾರ ವಿದ್ಯುತ್ತು ತೆಗೆದರೆ ಸಾಕಿತ್ತು. ಗವಸು ಏಕೆ ಎಂದು ನಾನೊಮ್ಮೆ ಕೇಳಿದೆ.

"ಧೂಳು ಮೇಡಂ," ಎಂದರು.

"ಧೂಳಿಗೆ ಮಖಮಲ್ ಯಾಕ್ರೀ?"

"ಧೂಳು ಅಂತ ಬರ್ಕೊಳ್ಳಿ ಮೇಡಂ. ಅದು ಕಣ್ ಬಿಟ್ಟಿರೋವಾಗ ಎದ್ರಲ್ಲಿ ಯಾರೂ ನಡೀಬಾರ್ದು, ಅಷ್ಟೇ."

ಗವಸಿನ ದಾರವನ್ನು ಎರಡು ಗಂಟು ಹಾಕಬೇಕೆಂದು ನಾನು ಆದೇಶ ಹೊರಡಿಸಿದೆ.

ಇದನ್ನೆಲ್ಲ ಬಸ್ಸಿನಲ್ಲಿ ನೆನೆಯುತ್ತ, ಸ್ಪಂಜಿನ ಸುರುಳಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕಗ್ಗದಾಸಪುರಕ್ಕೆ ಬಂದೆ. ಮೆಟ್ಟಿಲ ಮೇಲೆ ಶಿವಲೀಲಾ ಕೂತಿದ್ದಳು. ಮಾಳಿಗೆಯ ಒಂಟಿ ಕೋಣೆಯ ಬಾಡಿಗೆದಾರಳು, ಕಲಬುರಗಿ ಕಡೆಯವಳು, ಇಂದಿರಾನಗರದ ಒಂದು ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಗಂಡನಿಗೆ ಸರಕಿನ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ಶನಿವಾರ ಅಂಗಡಿಯಲ್ಲಿ ಕೆಲಸ ಹೆಚ್ಚು, ಆ ಹೊತ್ತಿಗೆ ಅವಳು ಮನೆಯಲ್ಲಿರುವುದೇ ಇಲ್ಲ. ಏನೋ ಆಗಿದೆ ಎಂದು ತಿಳಿಯಿತು.

"ಅವ್ವಾರ, ಒಂದು ಮಾತು ಕೇಳ್ಬೇಕಾಗಿತ್ರಿ."

"ಕೇಳು. ಮೊದಲು ಒಳಗೆ ಬಾ, ಚೀಲ ಇಡ್ತೀನಿ."

ಅವಳು ಒಳಗೆ ಬಂದಳು, ಕೂರಲಿಲ್ಲ. ಗಂಡನ ಹಡಗು ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ ಅಕ್ಕಿ ತುಂಬಿಸಿಕೊಳ್ಳುತ್ತಿತ್ತು. ಅಲ್ಲಿಂದ ಅದು ಹೋಗಬೇಕಾದದ್ದು ದಡದಿಂದ ಹಡಗುಗಳ ಮೇಲೆ ಕ್ಷಿಪಣಿ ಹಾರಿಸುತ್ತಿದ್ದ ಕಡಲಿಗೆ. ಟಿ.ವಿ.ಯಲ್ಲಿ ನೀವೂ ನೋಡಿರುತ್ತೀರಿ, ಹೊಗೆಯಾಡುವ ಹಡಗುಗಳನ್ನು. ಕಂಪನಿಯವರು ನಾವಿಕರನ್ನು ಕೇಳಿದ್ದರು: ಬರುವವರು ಬನ್ನಿ, ಒಲ್ಲದವರು ಇಲ್ಲೇ ಇಳಿಯಿರಿ, ಬೇರೆಯವರನ್ನು ಹತ್ತಿಸಿಕೊಳ್ಳುತ್ತೇವೆ. ಸಂಜೆಯೊಳಗೆ ಹೇಳಬೇಕು. ಅವನು ಹೆಂಡತಿಗೆ ಫೋನು ಮಾಡಿ, ನೀನೇ ಹೇಳು ಎಂದಿದ್ದ.

"ನೀವು ಆ ಕ್ಷಿಪಣಿನೇ ಮಾಡ್ತಿದ್ರಿ ಅಂತ ಬಾಜೂ ಮನಿಯವರು ಹೇಳಿದ್ರು. ಖರೇ ಏನ್ರಿ?"

ಎಲೆಕ್ಟ್ರಾನಿಕ್ಸ್ ಎಂದು ಬಾಯಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

"ಅಂಥದ್ದೇ. ಅದರ ಕಣ್ಣು ಪರೀಕ್ಷೆ ಮಾಡ್ತಿದ್ದೆ. ನಮ್ಮದು ಬೇರೆ, ಅವರು ಬಿಡ್ತಿರೋದು ಬೇರೆ. ಅದರ ಬಗ್ಗೆ ನನಗೆ ಗೊತ್ತಿಲ್ಲ."

"ಎಲ್ಲಾದ್ರೂ ಕಣ್ಣು ಒಂದೇ ನಮೂನಿ ಇರ್ತದಲ್ರಿ. ನಮ್ಮವರು ಜಗಳಕ್ಕ ಹೊಂಟಿಲ್ಲ. ಅಕ್ಕಿ ಒಯ್ಲಿಕತ್ತಾರ. ಅದಕ್ಕ ಅದು ತಿಳೀತದೇನ್ರಿ? ಯುದ್ಧದ ಹಡಗು ಯಾವ್ದು, ಅಕ್ಕಿ ಹಡಗು ಯಾವ್ದು ಅಂತ?"

ನನಗೆ ಆಗ ಏನಾಯಿತೆಂದು ಹೇಳಲಾರೆ. ಕಾಫಿ ಮಾಡಿ ಅವಳನ್ನು ಕೂರಿಸಿ, ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳಿದೆ. ರಹಸ್ಯವೇನೂ ಅದರಲ್ಲಿರಲಿಲ್ಲ. ಹೇಳಿದರೆ ನಗುತ್ತಾರೆಂದು ಹೇಳಿರಲಿಲ್ಲ, ಅಷ್ಟೆ.

ಅದು ಆಯುಧಪೂಜೆಯ ದಿನ ನಡೆದದ್ದು. ನಮ್ಮಲ್ಲಿ ಆಯುಧಪೂಜೆ ಎಂದರೆ ಮಾತು ಅಕ್ಷರಶಃ. ಲೇತ್ ಯಂತ್ರಕ್ಕೆ ಬಾಳೆಕಂಬ, ಜೀಪಿನ ಚಕ್ರಕ್ಕೆ ನಿಂಬೆಹಣ್ಣು, ಕೊನೆಗೆ ಕಪ್ಪು ಕೋಣೆ. ಅಲ್ಲಿ ಕರ್ಪೂರ ಹಚ್ಚಕೂಡದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ, ಆ ಸ್ಪಂಜಿಗೆ ಬೆಂಕಿ ಬಿದ್ದರೆ ಕೇಳುವುದೇ ಬೇಡ. ಹಚ್ಚದ ಕರ್ಪೂರದಿಂದಲೇ ಮಂಗಳಾರತಿ. ಗವಸನ್ನು ಮಾತ್ರ ತಂಗರಾಜ್ ಬಿಚ್ಚಿಬಿಟ್ಟಿದ್ದರು.

"ಇವತ್ತು ಕಣ್ಣು ಕಟ್ಟಬಾರ್ದು ಮೇಡಂ. ಪೂಜೆ ಮಾಡೋವಾಗ ಸಾಮಿ ನೋಡ್ಬೇಕಲ್ಲ?"

ಪೀಠಕ್ಕೆ ಸೇವಂತಿಗೆಯ ಹಾರ, ಕಣ್ಣಿನ ಬಿಳಿ ಮುಖದ ನಡುವೆ, ಬೇಡವೆಂದರೂ ಕೇಳದೆ, ಒಂದು ಕುಂಕುಮದ ಬೊಟ್ಟು. ಪೂಜೆ ಮುಗಿದು ಎಲ್ಲರೂ ಕಡಲೆಪುರಿ ಹಂಚುವಲ್ಲಿಗೆ ಹೋದರು. ಹಿತ್ತಾಳೆಯ ಆರತಿ ತಟ್ಟೆ ಒಳಗೇ ಉಳಿದಿತ್ತು. ಬೇರೆ ಯಾರೇ ಆಗಿದ್ದರೂ ಆಮೇಲೆ ತಂದರಾಯಿತು ಎನ್ನುತ್ತಿದ್ದರು. ವಸ್ತು ಇದ್ದಲ್ಲಿ ಇರಬೇಕೆನ್ನುವ ನನ್ನ ಬುದ್ಧಿ ನಿಮಗೆ ಗೊತ್ತಾಗಿದೆ. ನಾನೊಬ್ಬಳೇ ಒಳಗೆ ಹೋದೆ. ಭಾರದ ಬಾಗಿಲು ಹಿಂದೆ ತಾನಾಗಿ ಮುಚ್ಚಿಕೊಂಡಿತು. ಮುಚ್ಚಿದ್ದು ಕೇಳಿಸಲಿಲ್ಲ.

ಪೂಜೆಯಾದ ಮೇಲೆ ಯಂತ್ರವನ್ನು ಒಮ್ಮೆ ಚಾಲೂ ಮಾಡಿ ನಿಲ್ಲಿಸುವುದು ವಾಡಿಕೆ. ಸ್ಕೂಟರಿಗೂ ಹಾಗೇ, ಲೇತಿಗೂ ಹಾಗೇ. ಪಕ್ಕದ ಕೋಣೆಯಲ್ಲಿದ್ದ ಹೊಸ ಎಂಜಿನಿಯರು, ಒಳಗೆ ಯಾರೂ ಇಲ್ಲವೆಂದುಕೊಂಡು, ಶುಭವಾಗಲಿ ಎಂದು ಕಣ್ಣಿನ ಗುಂಡಿ ಒತ್ತಿದ.

ನಾನು ತಟ್ಟೆ ಎತ್ತಿಕೊಂಡು ತಿರುಗಿದ್ದೆ. ಸೊಳ್ಳೆ ಹಾರಿದಂಥ ಸಣ್ಣ ಸದ್ದು ಕೇಳಿಸಿತು. ಆ ಕೋಣೆಯಲ್ಲಿ ಸೊಳ್ಳೆ ಇರಲು ಸಾಧ್ಯವಿಲ್ಲ. ನೋಡಿದರೆ ಕುಂಕುಮದ ಬೊಟ್ಟು ನನ್ನ ನೇರಕ್ಕಿತ್ತು. ಮೊದಲು ಹಾಗಿರಲಿಲ್ಲ.

ಬಲಕ್ಕೆ ಸರಿದೆ. ಬೊಟ್ಟೂ ಬಲಕ್ಕೆ ಸರಿಯಿತು. ನಿಂತೆ, ನಿಂತಿತು. ಮತ್ತೆ ಎಡಕ್ಕೆ, ಬಹಳ ನಿಧಾನವಾಗಿ, ಒಂದೇ ಹೆಜ್ಜೆ. ಸೊಳ್ಳೆಯ ಸದ್ದು ಬಂತು. ಹೂವಿನ ಹಾರ ಅಲುಗದೆ, ಹಾರದ ನಡುವಿನ ಮುಖ ಮಾತ್ರ ಎಡಕ್ಕೆ ತಿರುಗಿತು. ನಾನು ಜರಿಯಂಚಿನ ರೇಷ್ಮೆ ಸೀರೆ ಉಟ್ಟಿದ್ದೆ, ಕೈತುಂಬ ಬಳೆ, ಎದೆಗೊತ್ತಿಕೊಂಡ ಹಿತ್ತಾಳೆಯ ತಟ್ಟೆ. ಮಾರ್ದನಿಯಿಲ್ಲದ ಆ ಕೋಣೆಯಲ್ಲಿ ನಾನೊಬ್ಬಳೇ ಮಾರ್ದನಿ. ಕೂಗಿದೆ. ಕಪ್ಪು ಮೊನೆಗಳು ಕೂಗನ್ನು ತಿಂದವು. ಅದು ಪೀಠಕ್ಕೆ ಬಿಗಿದ ಬರೀ ಕಣ್ಣು, ಅದರ ಹಿಂದೆ ರೆಕ್ಕೆಯಿಲ್ಲ, ಮದ್ದಿಲ್ಲ, ಏನೂ ಮಾಡಲಾರದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೂ ತಟ್ಟೆಯನ್ನು ಇನ್ನೂ ಬಿಗಿಯಾಗಿ ಎದೆಗೊತ್ತಿಕೊಂಡೆ.

ಕೊನೆಗೆ ತಟ್ಟೆಯನ್ನು ಮೆಲ್ಲಗೆ, ನಡೆಯಲೆಂದು ನೆಲಕ್ಕೆ ಹಾಸಿದ್ದ ಹಲಗೆಯ ಮೇಲೆ ಓರೆಯಾಗಿ ನಿಲ್ಲಿಸಿ, ಹಿಂದೆ ಸರಿದು, ಮೊನೆಗಳ ಸಂದಿಯಲ್ಲಿ ಮೈ ಒತ್ತಿ ಕೂತೆ. ಕಣ್ಣು ಅತ್ತ ಇತ್ತ ತಿರುಗಿತು. ಹುಡುಕಿತು. ಆಮೇಲೆ ತಲೆ ತಗ್ಗಿಸಿ ತಟ್ಟೆಯನ್ನು ನೋಡುತ್ತ ನಿಂತಿತು. ನಾನು ಗೋಡೆಯ ಬದಿಯಲ್ಲೇ ಬಾಗಿಲಿಗೆ ನಡೆದೆ. ಮತ್ತೆ ಅದು ನನ್ನ ಕಡೆ ತಿರುಗಲಿಲ್ಲ. ಅದು ನನ್ನನ್ನು ಹಿಂಬಾಲಿಸಿದ್ದಕ್ಕಿಂತ, ಅಷ್ಟು ಸುಲಭವಾಗಿ ನನ್ನನ್ನು ಬಿಟ್ಟದ್ದೇ ಇಂದಿಗೂ ಹೆಚ್ಚು ಕಾಡುತ್ತದೆ.

ಹೊರಗೆ ಬಂದಾಗ ಎಂಜಿನಿಯರು ಬಿಳುಚಿಕೊಂಡಿದ್ದ. "ಅಯ್ಯೋ ಮೇಡಂ, ಒಳಗೆ ನೀವಿದ್ರಾ? ಸ್ಕ್ರೀನಲ್ಲಿ ಚಿಕ್ಕದೊಂದು ಹಡಗು ಓಡಾಡ್ತಿತ್ತು. ಹಳೇ ಟೆಸ್ಟು ಯಾರೋ ಆಫ್ ಮಾಡಿಲ್ಲ ಅಂದ್ಕೊಂಡೆ."

ಇಷ್ಟನ್ನು ಹೇಳಿ ನಿಲ್ಲಿಸಿದೆ. ಶಿವಲೀಲಾ ಕಾಫಿ ಮುಟ್ಟಿರಲಿಲ್ಲ. ಅವಳು ನಗಲೂ ಇಲ್ಲ.

"ಅಂದ್ರ ಅದಕ್ಕ ಸಿಟ್ಟಿರಲ್ಲ."

"ಇರಲ್ಲ."

"ಸಿಟ್ಟಿದ್ರ ಚೊಲೋ ಇತ್ರಿ ಅವ್ವಾರ. ಕೈ ಮುಗಿದು ಕೇಳ್ಕೋಬಹುದಿತ್ತು." ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಇವರು ಮ್ಯಾಲ ಇರಂಗಿಲ್ರಿ. ತಳದಾಗ, ಎಂಜಿನ್ ಕೋಣ್ಯಾಗ ಇರ್ತಾರ. ಅಲ್ಲಿ ಕಾಣಂಗಿಲ್ಲಲ್ರಿ?"

ಸರಕಿನ ಹಡಗಿನಲ್ಲಿ ಎತ್ತರವಾಗಿ ಎದ್ದು ನಿಲ್ಲುವುದು ಹಿಂಬದಿಯ ಕಬ್ಬಿಣದ ಮನೆ. ಎಲ್ಲಕ್ಕಿಂತ ದೊಡ್ಡ ಮಾರ್ದನಿ ಅದರದ್ದೇ. ಎಂಜಿನ್ ಕೋಣೆ ಇರುವುದು ಅದರ ಅಡಿಯಲ್ಲೇ. ಆ ಆಕಾರವನ್ನು ಕೊಂಬುಗಳಿಂದ ಕಳಿಸಿ ಕಳಿಸಿ ನನಗೆ ಬಾಯಿಪಾಠವಾಗಿತ್ತು. ಹೇಳಲು ಬಾಯಿ ತೆರೆದವಳು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನೀರು ಬಿಟ್ಟೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ನಾನು ಎದ್ದು ಹೋದದ್ದು ಅದೇ ಮೊದಲಿರಬೇಕು.

ನಲ್ಲಿ ನಿಲ್ಲಿಸಿದಾಗ ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. "ಇಳದು ಬರ್ರಿ. ಹ್ಞೂಂ, ನಾನೇ ಹೇಳ್ಲಿಕತ್ತೀನಿ. ಯಾರರ ಏನರ ಅಂದ್ಕೋಲಿ. ಇಳದು ಬರ್ರಿ."

ಅವನು ಇಳಿದ. ರೈಲಿನಲ್ಲಿ ಕೆ.ಆರ್. ಪುರಕ್ಕೆ ಬಂದು, ಅಲ್ಲಿಂದ ಆಟೋದಲ್ಲಿ ಮನೆ ಸೇರಿದ. ಉದ್ದನೆಯ, ಮಾತು ಕಡಿಮೆಯ ಮನುಷ್ಯ. ನಮಸ್ಕಾರ ಮಾಡಿ ನನ್ನ ಕೈಗೆ ಒಂದು ಪೊಟ್ಟಣ ಖರ್ಜೂರ ಕೊಟ್ಟ. ಶಿವಲೀಲಾ ಅಂದು ಶೇಂಗಾ ಹೋಳಿಗೆ ಮಾಡಿ ಕೆಳಗೆ ತಂದಳು. ಒಂದು ಕೆಲಸ ಸರಿಯಾಗಿ ಮುಗಿಯಿತೆಂದು ನಾನು ಹಾಯಾಗಿ ನಿದ್ರೆ ಮಾಡಿದೆ. ನನ್ನ ಜೀವನದಲ್ಲಿ ಕೆಲಸಗಳು ಮುಗಿಯುತ್ತವೆ. ಮುಗಿದದ್ದನ್ನು ಮಡಿಸಿ ಎತ್ತಿಡುತ್ತೇನೆ.

ಮರುದಿನ ಬೆಳಿಗ್ಗೆ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದರೆ ಗಂಡ ಹೆಂಡತಿ ಇಬ್ಬರೂ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಫೋನು ನೋಡುತ್ತಿದ್ದರು. ಸಮುದ್ರದ ಮೇಲೆ ಯಾವ ಹಡಗು ಎಲ್ಲಿದೆ ಎಂದು ತೋರಿಸುವ ಆ್ಯಪ್ ಅದು. ನೀಲಿಯ ಮೇಲೆ ಬಾಣದಂಥ ಪುಟ್ಟ ಗುರುತುಗಳು. ಅವನು ಇಳಿದುಬಂದ ಹಡಗು ಅಕ್ಕಿ ಹೊತ್ತು ಹೊರಟಿತ್ತು. ದಿನವೂ ನೋಡಿದರು. ನಾನೂ ಕ್ಲಿಪ್ಪು ಹಾಕುವ ನೆಪದಲ್ಲಿ ಬಗ್ಗಿ ನೋಡಿದೆ. ಬಾಣ ಪಡುವಣಕ್ಕೆ ಸರಿಯುತ್ತಿತ್ತು. ಹೆಬ್ಬೆರಳ ಕೆಳಗೆ ಮುಚ್ಚಿಹೋಗುವಷ್ಟು ಬಾಣ. ನಾನು ಅಷ್ಟು ವರ್ಷ ಅತ್ತಿತ್ತ ಸರಿಸಿದ್ದು ಇದನ್ನೇ ಅಲ್ಲವೇ? ನನ್ನ ಹಡಗುಗಳಲ್ಲಿ ಅನ್ನ ಬೇಯುತ್ತದೆ, ಯಾರೋ ಪಾಳಿ ಮುಗಿಸಿ ಮಲಗಿರುತ್ತಾರೆ ಎಂದು ಎಂದಾದರೂ ಹೊಳೆದಿತ್ತೇ? ಹೊಳೆದಿರಲಿಲ್ಲ.

ಮೊನ್ನೆ ಬಾಣ ಬೂದು ಬಣ್ಣಕ್ಕೆ ತಿರುಗಿ ನಿಂತುಬಿಟ್ಟಿತು.

"ಸಿಗ್ನಲ್ ಆಫ್ ಮಾಡ್ಯಾರ್ರಿ," ಎಂದು ಅವನು ವಿವರಿಸಿದ. "ಆ ಕಡಲಿಗೆ ಹೋಗೋವಾಗ ಎಲ್ಲಾ ಹಡಗೂ ಆಫ್ ಮಾಡ್ತಾವ. ಯಾರಿಗೂ ಕಾಣಬಾರ್ದು ಅಂತ."

ನಾನು ಬಟ್ಟೆ ಹಿಂಡಿದೆ. ಕೂಗು ಹಾಕಿ ಮಾರ್ದನಿ ಕೇಳುವ ಕಣ್ಣಿಗೆ ಸಿಗ್ನಲ್ ಬೇಕಾಗಿಲ್ಲ. ಅದನ್ನು ಬಿಟ್ಟು ಕೇಳಿದೆ, "ನಿಮ್ಮ ಜಾಗಕ್ಕೆ ಯಾರು ಬಂದ್ರು?"

"ಹೆಸರು ಗೊತ್ತಿಲ್ರಿ. ನಾ ಇಳಿಯೋವಾಗ ಅವರು ಹತ್ತಲಿಕತ್ತಿದ್ರು, ಹೆಗಲಿಗೆ ಬ್ಯಾಗ್ ಹಾಕ್ಕೊಂಡು. ನಕ್ರು. ಕೆಲಸದ ಡ್ರೆಸ್ ತಂದಿರಲಿಲ್ಲಂತ. ನನ್ನಷ್ಟೇ ಎತ್ತರ ಇದ್ರು. ನಂದೇ ಕೊಟ್ಟು ಬಂದೀನಿ."

ನಿನ್ನೆಯೂ ಬಾಣ ಅಲ್ಲೇ ಇತ್ತು. ಇವತ್ತು ಬೆಳಿಗ್ಗೆಯೂ. ಸುದ್ದಿಯಲ್ಲಿ ಏನೂ ಇಲ್ಲ. ಕಂಪನಿಯವರು ಫೋನು ಎತ್ತಿ, ಎಲ್ಲ ಸರಿಯಿದೆ ಎಂದು ಇಡುತ್ತಾರಂತೆ. ಹೊತ್ತು ಇಳಿಯುವಾಗ ಒಣಗಿದ ಬಟ್ಟೆ ತೆಗೆಯಲು ಮೇಲೆ ಹೋದೆ. ಶಿವಲೀಲೆಯ ಬಾಗಿಲು ತೆರೆದಿತ್ತು. ಗೂಡಿನಲ್ಲಿ ದೀಪ ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದಳು. ಗಂಡ ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದ.

"ಬಸವರಾಜನ್ನ ಕಾಪಾಡಪ್ಪಾ," ಎಂದಳು. ಮತ್ತೆ, ಇನ್ನೂ ಸ್ಪಷ್ಟವಾಗಿ, "ಬಸವರಾಜ ದಂಡಿ ಮುಟ್ಟಲಿ."

ನಾನು ಕೈಯಲ್ಲಿದ್ದ ಸೀರೆಯನ್ನು ಮಡಿಸುವುದು ಬಿಟ್ಟೆ. ಬಸವರಾಜ ಅವಳ ಗಂಡನ ಹೆಸರು. ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ. ಬಾಡಿಗೆ ಕರಾರು ಮಾಡುವಾಗ ಕೂಡ ನಾಚಿ ಅವನ ಆಧಾರ್ ಕಾರ್ಡನ್ನು ನನ್ನ ಕಡೆ ತಳ್ಳಿದ್ದಳು. ಆದರೆ ಕೊಟ್ಟು ಬಂದ ಆ ಕೆಲಸದ ಅಂಗಿಯ ಎದೆಯ ಮೇಲೆ, ಜೇಬಿಗಿಂತ ಸ್ವಲ್ಪ ಮೇಲೆ, ಆ ಹೆಸರನ್ನು ಕೆಂಪು ದಾರದಲ್ಲಿ ಅವಳೇ ಹೊಲಿದದ್ದನ್ನು ನಾನು ನೋಡಿದ್ದೆ. ಆ ಕಡಲಿನಲ್ಲಿರುವ ಮನುಷ್ಯನದೆಂದು ಅವಳಿಗೆ ಗೊತ್ತಿರುವ ಹೆಸರು ಅದೊಂದೇ.

"ಬಸವರಾಜ," ಎಂದಳು ಮೂರನೆಯ ಸಲ.

ಬಾಗಿಲ ಬಳಿ ಕೂತವನು "ಹ್ಞಾಂ?" ಎಂದು ತಲೆ ಎತ್ತಿದ. ಅವಳು ತಿರುಗಲಿಲ್ಲ. ಕರೆದದ್ದು ತನ್ನನ್ನಲ್ಲ ಎಂದು ತಿಳಿಯಲು ಅವನಿಗೆ ತುಸು ಹೊತ್ತು ಹಿಡಿಯಿತು. ಆಮೇಲೆ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಎದ್ದು, ಅವನೂ ಕೈ ಮುಗಿದ.